ಸರ್ಕಾರಿ ವಕೀಲ ಯಾರ ಕಡೆ?

"ಸರ್ಕಾರಿ ವಕೀಲ ಅಂದ್ರೆ ಪೊಲೀಸ್ನೋರ ಕಡೆಯೋನಲ್ಲೇನಪ್ಪಾ?"

ದೊಡ್ಡವ್ವ ಫೋನಿನಲ್ಲಿ ಹೀಗೆ ಕೇಳಿದ್ದು 2022ರ ಬೇಸಿಗೆಯಲ್ಲಿ. ಸ್ವಂತ ದೊಡ್ಡವ್ವ ಅಲ್ಲ, ಸೊಕ್ಕೆಯಲ್ಲಿ ನಮ್ಮ ಕೇರಿಯವಳು. ಊರಲ್ಲಿ ಅರ್ಧ ಜನ ನನಗೆ ದೊಡ್ಡವ್ವ, ಚಿಕ್ಕಪ್ಪಂದಿರೇ. ಅವಳ ಮಗ ಬೇರೆ ಜಿಲ್ಲೆಯಲ್ಲಿ ಬೋರ್‌ವೆಲ್ ಲಾರಿ ಮೇಲೆ ಕೆಲಸಕ್ಕಿದ್ದ. ಜಗಳೂರು ಸೀಮೆಯ ಹುಡುಗರಿಗೆ ಇದೇನು ಹೊಸದಲ್ಲ, ಮಳೆ ಕೈಕೊಟ್ಟ ವರ್ಷ ಶೇಂಗಾ, ಮೆಕ್ಕೆಜೋಳ ನಂಬಿಕೊಂಡು ಮನೇಲಿ ಕೂತರೆ ಆಗೋದಿಲ್ಲ. ಅಲ್ಲಿ ಯಾರದೋ ತೋಟದ ಮೋಟರಿನ ಕೇಬಲ್ ಕಳುವಾಯಿತು. ಇವನನ್ನೂ ಇನ್ನಿಬ್ಬರನ್ನೂ ಹಿಡಿದುಕೊಂಡು ಹೋದರು. ಮೂರು ದಿನ ಆದಮೇಲೆ ದೊಡ್ಡವ್ವನಿಗೆ ಸುದ್ದಿ ಮುಟ್ಟಿತು. ಯಾರೋ ಅವಳಿಗೆ "ಬಡವ್ರಿಗೆ ಸರ್ಕಾರನೇ ವಕೀಲನ್ನ ಕೊಡ್ತೈತೆ" ಅಂದಿದ್ದರು. ನಾನು ಓದಿದೋನು ಅಂತ ನನಗೆ ಫೋನ್ ಹಚ್ಚಿ ಕೇಳಿದಳು.

ಅವಳ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ನಮ್ಮ ಮಾತಿನಲ್ಲಿ ಸರ್ಕಾರಿ ವಕೀಲ ಅಂದರೆ ಪೊಲೀಸರ ಪರವಾಗಿ ಕೇಸು ನಡೆಸುವವನು. ಪೇಪರಿನವರು ಅವರನ್ನು ಸರ್ಕಾರಿ ಅಭಿಯೋಜಕರು ಅಂತ ಬರೆಯುತ್ತಾರೆ, ಹಳ್ಳಿಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಆರೋಪಿಗೆ ಸರ್ಕಾರ ಕೊಡುವ ವಕೀಲನಿಗೂ ಜನರ ಬಾಯಲ್ಲಿ ಅದೇ ಹೆಸರು. ಮಗನನ್ನು ಒಳಗೆ ಹಾಕಿದ ಸರ್ಕಾರವೇ ಅವನನ್ನು ಬಿಡಿಸುವುದಕ್ಕೂ ಆಳನ್ನು ಕೊಡುತ್ತದೆ ಅಂದರೆ ಯಾವ ತಾಯಿ ನಂಬುತ್ತಾಳೆ?

ನಾನು ಅವಳ ಅನುಮಾನ ಬಿಡಿಸಲಿಲ್ಲ. "ಪುಕ್ಸಟ್ಟೆ ಲಾಯರ್ ಬ್ಯಾಡ ದೊಡ್ಡವ್ವ, ಒಳ್ಳೆಯೋರನ್ನ ಇಡೋಣ, ದುಡ್ಡು ನಾನು ಹಾಕ್ತೀನಿ" ಅಂದೆ. ಒಂದು ಕಂತು ನಾನು ಹಾಕಿದೆ. ಉಳಿದ ಕಂತಿಗೆ ಅವರು ಕುರಿ ಮಾರಿದರು.

ಈ ತೀರ್ಮಾನಕ್ಕೆ ನಾನು ಬಂದದ್ದು ಹೇಗೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಯಾವ ಉಚಿತ ವಕೀಲರನ್ನೂ ನೋಡಿದವನಲ್ಲ. ಅಲ್ಲಿಯವರೆಗೆ ಕೋರ್ಟು ಮೆಟ್ಟಿಲೂ ಹತ್ತಿದವನಲ್ಲ. ನನಗೆ ಗೊತ್ತಿದ್ದ ಕೋರ್ಟು ಅಂದರೆ ಸಿನಿಮಾದ ಕೋರ್ಟು. ಹಾಗಾಗಿ ಈ ವರ್ಷ ಕೂತು ಮೂರು ಸಿನಿಮಾಗಳನ್ನು ಮತ್ತೆ ನೋಡಿದೆ. ಮೂರೂ ಒಳ್ಳೆಯ ಸಿನಿಮಾಗಳೇ. ಆರೋಪಿಯ ವಕೀಲ ಅಂದರೆ ಯಾರು ಅಂತ ಇವು ನಮಗೆ ಕಲಿಸಿದ್ದು ಏನು ಅಂತಷ್ಟೇ ನೋಡುತ್ತಾ ಹೋದೆ.

ಮೊದಲನೆಯದು 'ಜೈ ಭೀಮ್'. 2021ರ ನವೆಂಬರ್ 2ಕ್ಕೆ ಬಂತು, ಕನ್ನಡ ಡಬ್ಬಿಂಗಿನಲ್ಲಿ ನಮ್ಮೂರ ಹುಡುಗರೂ ಮೊಬೈಲಿನಲ್ಲಿ ನೋಡಿದರು. ತಮಿಳುನಾಡಿನಲ್ಲಿ 1993ರಲ್ಲಿ ನಡೆದ ನಿಜವಾದ ಲಾಕಪ್ ಸಾವಿನ ಪ್ರಕರಣ, ಆಗ ವಕೀಲರಾಗಿದ್ದು ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದ ಕೆ. ಚಂದ್ರು ಅವರು ನಡೆಸಿದ ಕೇಸು. ಸೂರ್ಯ ಆ ಪಾತ್ರ ಮಾಡಿದ್ದಾರೆ. ಮಾನವ ಹಕ್ಕುಗಳ ಕೇಸಿಗೆ ಫೀಸು ತೆಗೆದುಕೊಳ್ಳದ ವಕೀಲ. ನಾನೂ ಕಣ್ಣೊರೆಸಿಕೊಂಡೇ ನೋಡಿದ್ದೆ. ಎರಡನೇ ಸಲ ನೋಡುವಾಗ ಮಾತ್ರ ಒಂದು ದಡ್ಡ ಪ್ರಶ್ನೆ ಕಾಡತೊಡಗಿತು: ಈ ಮನುಷ್ಯ ಮನೆ ಬಾಡಿಗೆ ಹೇಗೆ ಕಟ್ಟುತ್ತಾನೆ? ಸಿನಿಮಾ ಅದನ್ನು ಕೇಳುವುದೇ ಇಲ್ಲ. ಕೇಳಿದರೆ ಹೀರೋ ಸ್ವಲ್ಪ ಸಣ್ಣವನಾಗುತ್ತಾನೆ ಅನ್ನುವ ಭಯ ಇರಬೇಕು.

ಅದರಲ್ಲಿ ನನಗೆ ಬಹಳ ಇಷ್ಟವಾದ ಜಾಗ ಒಂದಿದೆ. ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ ಸಾಮಾನ್ಯವಾಗಿ ಸಾಕ್ಷಿಗಳ ವಿಚಾರಣೆ, ಪಾಟಿ ಸವಾಲು ಇರುವುದಿಲ್ಲ. ಚಂದ್ರು ಕೇರಳದ ರಾಜನ್ ಪ್ರಕರಣವನ್ನು ಮುಂದಿಟ್ಟು ಅದಕ್ಕೆ ಅನುಮತಿ ಪಡೆಯುತ್ತಾನೆ. ಇಡೀ ಸಿನಿಮಾದ ಕೀಲಿ ಅಲ್ಲಿದೆ. ಹಳೆಯ ತೀರ್ಪು ಹುಡುಕಿ ತೆಗೆದದ್ದರಿಂದ ಬಾಗಿಲು ತೆರೆಯಿತು. ಆದರೆ ತೆರೆಯ ಮೇಲೆ ಅದಕ್ಕೆ ಸಿಗುವ ಹೊತ್ತು ಎಷ್ಟು? ಒಂದು ಚೂರು. ಪುಸ್ತಕದ ರಾಶಿಯ ನಡುವೆ ರಾತ್ರಿ ಕೂತು ಓದುವುದನ್ನು ತೋರಿಸಿದರೆ ಯಾರೂ ಸೀಟಿ ಹೊಡೆಯುವುದಿಲ್ಲ, ನಿಜ. ಹಾಗಂತ ನಮಗೆ ನೆನಪಿನಲ್ಲಿ ಉಳಿಯುವುದು ಗುಡುಗುವ ದನಿ, ಮುಷ್ಟಿ, ಸಂಗೀತ. ವಕೀಲಿಕೆ ಅಂದರೆ ಧೈರ್ಯ ಅಂದುಕೊಳ್ಳುತ್ತೇವೆ. ಅದರ ಮುಕ್ಕಾಲು ಪಾಲು ಓದು ಅಂತ ಯಾರೂ ಹೇಳಿಕೊಡುವುದಿಲ್ಲ.

ಎರಡನೆಯದು ನಮ್ಮದೇ '19.20.21'. ಮಂಸೋರೆ ನಿರ್ದೇಶನ, 2023ರ ಮಾರ್ಚ್‌ನಲ್ಲಿ ಬಿಡುಗಡೆ. ಹೆಸರು ಸಂವಿಧಾನದ ಆ ಮೂರು ವಿಧಿಗಳದ್ದು. ಬೆಳ್ತಂಗಡಿ ತಾಲ್ಲೂಕು ಕುತ್ಲೂರಿನ ವಿಠಲ ಮಲೆಕುಡಿಯ ಅವರ ಪ್ರಕರಣವೇ ಇದರ ಮೂಲ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಅವರನ್ನು 2012ರ ಮಾರ್ಚ್‌ನಲ್ಲಿ ತಂದೆಯ ಜೊತೆ ಬಂಧಿಸಿದರು, ಯುಎಪಿಎ ಹಾಕಿದರು. ಕೈಕೋಳದಲ್ಲೇ ಪರೀಕ್ಷೆಗೆ ಕರೆತಂದದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಖುಲಾಸೆಯಾದದ್ದು 2021ರ ಅಕ್ಟೋಬರ್ 21ಕ್ಕೆ. ಅಂದರೆ 'ಜೈ ಭೀಮ್' ಬರುವುದಕ್ಕೆ ಹನ್ನೆರಡು ದಿನ ಮೊದಲು. ನನ್ನ ಟೀಮಿನಲ್ಲಿ ಎಲ್ಲರೂ ಆ ಸಿನಿಮಾ ಬಗ್ಗೆ ವಾರಗಟ್ಟಲೆ ಮಾತಾಡಿದರು. ಕರ್ನಾಟಕದ ಒಬ್ಬ ಆದಿವಾಸಿ ಯುವಕ ಒಂಬತ್ತು ವರ್ಷ ಆದಮೇಲೆ ಖುಲಾಸೆಯಾದ ಸುದ್ದಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗೂ.

ಮಂಸೋರೆ ಅವರ ಸಿನಿಮಾದ ಗುಣ ಏನೆಂದರೆ ಅದು ಅವಸರ ಮಾಡುವುದಿಲ್ಲ. ವರ್ಷಗಳು ಸವೆಯುವುದನ್ನು ತೋರಿಸುತ್ತದೆ. ಕೆಲವೆಡೆ ಪಾಠ ಹೇಳಿದ ಹಾಗೆ ಅನಿಸುತ್ತದೆ, ಪಾತ್ರಗಳು ಒಬ್ಬರಿಗೊಬ್ಬರು ಮಾತಾಡುವ ಬದಲು ನಮಗೆ ಕಾನೂನು ವಿವರಿಸುತ್ತವೆ. ಆದರೂ ಬಾಲಾಜಿ ಮನೋಹರ್ ಮಾಡಿರುವ ವಕೀಲ ಕೂಗಾಡುವವನಲ್ಲ, ಕೆಲಸ ಮಾಡುವವನು. ನನ್ನ ತಕರಾರು ಇಷ್ಟೇ: ಅವನೂ ತಾನಾಗಿ ಒದಗಿ ಬಂದ ಸಜ್ಜನ. ಅಂಥವನು ಒದಗದಿದ್ದರೆ ಏನು ಅನ್ನುವುದಕ್ಕೆ ಇಲ್ಲೂ ಉತ್ತರ ಇಲ್ಲ.

ಮೂರನೆಯದು ಚೈತನ್ಯ ತಮ್ಹಾಣೆಯವರ ಮರಾಠಿ ಸಿನಿಮಾ 'ಕೋರ್ಟ್' (2014). ಮೂರರಲ್ಲಿ ನನಗೆ ಇದೇ ಮೇಲು. ಹಾಡುಗಾರ ನಾರಾಯಣ ಕಾಂಬ್ಳೆಯ ಮೇಲೆ ವಿಚಿತ್ರವಾದ ಆರೋಪ, ವಾಯಿದೆ ಮೇಲೆ ವಾಯಿದೆ. ಕೋರ್ಟು ಮುಗಿದ ಮೇಲೆ ಕ್ಯಾಮೆರಾ ವಕೀಲರ ಹಿಂದೆ ಅವರವರ ಮನೆಗೆ ಹೋಗುತ್ತದೆ. ಆರೋಪಿಯ ವಕೀಲ ವಿನಯ್ ವೋರಾ ಸ್ಥಿತಿವಂತರ ಮಗ, ಕಾರಿನಲ್ಲಿ ಜಾಝ್ ಕೇಳುತ್ತಾನೆ, ಸೂಪರ್‌ಮಾರ್ಕೆಟ್ಟಿನಲ್ಲಿ ವೈನು, ಚೀಸು ಕೊಳ್ಳುತ್ತಾನೆ. ಸರ್ಕಾರಿ ವಕೀಲೆ ಲೋಕಲ್ ರೈಲು ಹತ್ತಿ ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ. ಎಷ್ಟು ನಿಷ್ಠುರವಾದ ನೋಟ! ಬಡವನನ್ನು ಜೈಲಿಗೆ ಕಳಿಸುವ ಕೆಲಸಕ್ಕೆ ಸಂಬಳ ಉಂಟು, ಮಧ್ಯಮವರ್ಗದ ಒಬ್ಬ ಹೆಣ್ಣುಮಗಳು ಆ ಸಂಬಳದಲ್ಲಿ ಸಂಸಾರ ನಡೆಸಬಹುದು. ಬಡವನನ್ನು ಬಿಡಿಸುವ ಕೆಲಸ ಮಾಡಲು ಮನೆಕಡೆ ಅನುಕೂಲ ಇರಬೇಕು.

ಮೂರು ಸಿನಿಮಾಗಳನ್ನು ಪಕ್ಕ ಪಕ್ಕ ಇಟ್ಟರೆ ಒಬ್ಬ ವ್ಯಕ್ತಿ ಕಾಣೆ. ತಿಂಗಳ ಸಂಬಳ ತೆಗೆದುಕೊಂಡು, ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬಂದು, ಬಡ ಆರೋಪಿಯ ಫೈಲು ಓದುವ ವಕೀಲ. ಅವನು ಯಾವ ಸಿನಿಮಾದಲ್ಲೂ ಹೀರೋ ಅಲ್ಲ. ಸೈಡ್ ಪಾತ್ರವೂ ಅಲ್ಲ. ನನ್ನ ತಲೆಯಲ್ಲಿ ಎರಡೇ ಚಿತ್ರ ಇದ್ದವು: ಒಂದು ದೇವರಂಥ ವಕೀಲ, ಇನ್ನೊಂದು ದುಡ್ಡು ಕೊಟ್ಟರೆ ಸಿಗುವ ವಕೀಲ. ದೇವರು ಸೊಕ್ಕೆಗೆ ಬರುವುದಿಲ್ಲ ಅಂತ ಗೊತ್ತಿತ್ತು, ದುಡ್ಡು ಕಳಿಸಿದೆ.

ವಾಸ್ತವದಲ್ಲಿ ಆ ಕಾಣೆಯಾದ ವ್ಯಕ್ತಿಯ ಬಗ್ಗೆ ನಮ್ಮ ಕಾನೂನು ಬಹಳ ಹಿಂದೆಯೇ ಮಾತಾಡಿದೆ. ಸಂವಿಧಾನಕ್ಕೆ 39-ಎ ವಿಧಿ ಸೇರಿದ್ದು 1976ರ ತಿದ್ದುಪಡಿಯಲ್ಲಿ. 1978ರ ಹೊಸ್ಕೋಟ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದು ಸರ್ಕಾರ ಮಾಡುವ ದಾನವಲ್ಲ, ಅದರ ಕರ್ತವ್ಯ ಅಂದರು. 1986ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರೋಪಿ ತಾನಾಗಿ ಕೇಳಲಿಲ್ಲ ಅಂತ ವಕೀಲರನ್ನು ಕೊಡದೆ ಶಿಕ್ಷೆ ಹಾಕಿದರೆ ಆ ಶಿಕ್ಷೆ ನಿಲ್ಲುವುದಿಲ್ಲ ಅಂತ ಹೇಳಿತು. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು ಅಂತ 1987ರ ಕಾಯ್ದೆ ಇದೆ. ನಮ್ಮ ಹುಡುಗ ಪರಿಶಿಷ್ಟ ಪಂಗಡದವನು, ಬಂಧನದಲ್ಲಿದ್ದವನು. ಎರಡೆರಡು ಸಲ ಅರ್ಹ.

ಹಾಗಾದರೆ ಜನರ ಅನುಮಾನಕ್ಕೆ ಬುಡವೇ ಇಲ್ಲವಾ? ಇದೆ. ಹಳೆಯ ಪದ್ಧತಿಯಲ್ಲಿ ಪ್ಯಾನೆಲ್ ವಕೀಲರು ಇರುತ್ತಿದ್ದರು. ಸ್ವಂತ ಕಕ್ಷಿದಾರರ ಕೇಸುಗಳ ನಡುವೆ ಇದೂ ಒಂದು, ಕೇಸಿಗೆ ಇಷ್ಟು ಅಂತ ಸಣ್ಣ ಫೀಸು. ಯಾರ ಫೈಲು ಮೇಲೆ, ಯಾರದು ಕೆಳಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಮಧ್ಯಪ್ರದೇಶದ ಖಂಡ್ವಾದ ಒಂದು ಪ್ರಕರಣ ನೋಡಿ. ಬಾಲಕಿಯ ಅತ್ಯಾಚಾರ, ಕೊಲೆಯ ಆರೋಪ. 2013ರ ಫೆಬ್ರುವರಿ 19ಕ್ಕೆ ಆರೋಪಿಗೆ ವಕೀಲರ ನೇಮಕ, ಅದೇ ದಿನ ದೋಷಾರೋಪ ನಿಗದಿ. ಮಾರ್ಚ್ 4ಕ್ಕೆ ಅಪರಾಧಿ ಅಂತ ತೀರ್ಪು, ಮರಣದಂಡನೆ. ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಅದನ್ನು ರದ್ದು ಮಾಡಿ, ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿನಲ್ಲಿ ಹೀಗೆ ನೇಮಿಸುವ ವಕೀಲರಿಗೆ ಕನಿಷ್ಠ ಹತ್ತು ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಅಂದಿತು. ಆ ಮನುಷ್ಯ ಕೊನೆಗೆ ಖುಲಾಸೆಯಾದದ್ದು 2024ರಲ್ಲಿ, ಡಿಎನ್‌ಎ ಸಾಕ್ಷ್ಯವನ್ನು ಸರಿಯಾಗಿ ನೋಡಿದ ಮೇಲೆ. ಹೆಸರಿಗೆ ವಕೀಲ ಇದ್ದರು, ಫೈಲು ಓದಲು ಅವರಿಗೆ ಒಂದು ದಿನವೂ ಸಿಕ್ಕಿರಲಿಲ್ಲ.

ನಮ್ಮ ಕೆಲಸದಲ್ಲಿ ಲಾಗ್ ಓದದೆ ಫಿಕ್ಸ್ ಹಾಕುವವನನ್ನು ಏನಂತ ಕರೆಯುತ್ತೇವೆ ಅಂತ ನಿಮಗೆ ಗೊತ್ತು. ಅಲ್ಲಿ ಹೆಚ್ಚೆಂದರೆ ಸೈಟ್ ಬೀಳುತ್ತದೆ.

ಅಮೆರಿಕದ ಗಿಡಿಯನ್ ಪ್ರಕರಣವನ್ನು ಎಲ್ಲರೂ ಹಕ್ಕಿನ ಕತೆಯಾಗಿ ಹೇಳುತ್ತಾರೆ. ಫ್ಲಾರಿಡಾದ ಒಂದು ಪೂಲ್ ಆಟದ ಅಂಗಡಿಯಲ್ಲಿ ಕಳ್ಳತನದ ಆರೋಪ, ವಕೀಲ ಕೊಡಿ ಅಂದರೆ ಜಡ್ಜು ಆಗಲ್ಲ ಅಂದರು. ಅವನು ಜೈಲಿನಿಂದ ಪೆನ್ಸಿಲ್ಲಿನಲ್ಲಿ ಅರ್ಜಿ ಬರೆದ, 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬಡ ಆರೋಪಿಗೆ ವಕೀಲರನ್ನು ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ನನಗೆ ಇದಕ್ಕಿಂತ ಇಷ್ಟ ಕತೆಯ ಎರಡನೇ ಅರ್ಧ. ಆ ತೀರ್ಪಿನಿಂದ ಗಿಡಿಯನ್ ಬಿಡುಗಡೆ ಆಗಲಿಲ್ಲ, ಮರುವಿಚಾರಣೆ ಅಷ್ಟೇ ಸಿಕ್ಕಿತು. ದೊಡ್ಡ ಸಂಸ್ಥೆಯ ವಕೀಲರು ಬಂದರೆ ಅವನು ಬೇಡ ಅಂದ. ಊರಿನವರೇ ಆದ ಫ್ರೆಡ್ ಟರ್ನರ್ ಬೇಕು ಅಂದ. ಟರ್ನರ್‌ಗೆ ಆ ಬೀದಿ ಗೊತ್ತು, ಮುಖ್ಯ ಸಾಕ್ಷಿಯ ಮನೆ ಗೊತ್ತು. ಬೆಳಗಿನ ಜಾವದಲ್ಲಿ ನೀನು ಆ ಅಂಗಡಿ ಮುಂದೆ ಏನು ಮಾಡುತ್ತಿದ್ದೆ ಅಂತ ಸಾಕ್ಷಿಯನ್ನೇ ಹಿಡಿದು ಕೇಳಿದರು. ಜ್ಯೂರಿಗೆ ಒಂದು ಗಂಟೆ ಸಾಕಾಯಿತು. ಗಿಡಿಯನ್ನನ್ನು ಮನೆಗೆ ಕಳಿಸಿದ್ದು ತಯಾರಿ ಮಾಡಿಕೊಂಡು ಬಂದಿದ್ದ ಒಬ್ಬ ವಕೀಲ.

ನಮ್ಮಲ್ಲೂ ಇಂಥ ತಯಾರಿಗೆ ಸಮಯ ಇರುವ ವಕೀಲರನ್ನು ನೇಮಿಸುವ ಯೋಜನೆ ಬಂದಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲಿ ಪರಿಷ್ಕರಿಸಿ ಜಾರಿಗೆ ತಂದದ್ದು, ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿದೆ. ಜಿಲ್ಲಾ ಮಟ್ಟದಲ್ಲಿ ಒಂದು ಕಚೇರಿ. ಮುಖ್ಯಸ್ಥರು, ಉಪ, ಸಹಾಯಕರು ಅಂತ ಮೂರು ಹಂತ. ಮುಖ್ಯಸ್ಥರಿಗೆ ಕ್ರಿಮಿನಲ್ ಕೇಸುಗಳಲ್ಲಿ ಕನಿಷ್ಠ ಹತ್ತು ವರ್ಷ, ಉಪ ಹುದ್ದೆಗೆ ಏಳು ವರ್ಷದ ಅನುಭವ ಬೇಕು. ಸಹಾಯಕರು ಹೊಸಬರು, ಕಾನೂನು ಸಂಶೋಧನೆ, ಜೈಲು ಭೇಟಿಯಂಥ ಓಡಾಟ ಹೆಚ್ಚಾಗಿ ಅವರದು. ಮುಖ್ಯ ಷರತ್ತು: ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ಪೂರ್ಣಾವಧಿ, ತಿಂಗಳ ಗೌರವಧನ. ಸಿನಿಮಾದಲ್ಲಿ ಕಾಣೆಯಾಗಿದ್ದ ಆ ವ್ಯಕ್ತಿ ಕಾಗದದ ಮೇಲೆ ಸಿಕ್ಕಿದ.

ಆದರೆ ಯೋಜನೆ ಒಳ್ಳೆಯದು ಅಂತ ಟೀಕೆ ಬಿಡಬೇಕಾಗಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿನ ಸಹಾಯಕ ಸರ್ಕಾರಿ ಅಭಿಯೋಜಕರು ಪರೀಕ್ಷೆ ಬರೆದು ಬಂದ ಕಾಯಂ ನೌಕರರು. ಅವರ ಎದುರು ನಿಲ್ಲುವವರು ಎರಡು ವರ್ಷದ ಗುತ್ತಿಗೆಯವರು, ಆಮೇಲೆ ವರ್ಷ ವರ್ಷ ಮುಂದುವರಿಸಿದರೆ ಉಂಟು. ಕಾಂಟ್ರ್ಯಾಕ್ಟ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ರಿನ್ಯೂವಲ್ ಹತ್ತಿರ ಬಂದಾಗ ಮ್ಯಾನೇಜರ್ ಎದುರು ನಮ್ಮ ದನಿ ಹೇಗೆ ಮೆತ್ತಗಾಗುತ್ತದೆ ಅಂತ. ಇಲ್ಲಿ ಅದಕ್ಕಿಂತ ಸೂಕ್ಷ್ಮ ಸಂಗತಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರೇ. ವಕೀಲ ಯಾರ ಮುಂದೆ ವಾದ ಮಾಡಬೇಕೋ ಆ ವ್ಯವಸ್ಥೆಯ ಮುಖ್ಯಸ್ಥರೇ ಅವನ ಕೆಲಸದ ಮೇಲೂ ಕಣ್ಣಿಡುವವರು. ನಾನು ಯಾರ ಪ್ರಾಮಾಣಿಕತೆಯನ್ನೂ ಅನುಮಾನಿಸುತ್ತಿಲ್ಲ. ಒಳ್ಳೆಯ ಆರೋಪಿ ವಕೀಲ ಅಂದರೆ ಆಗಾಗ ಜಡ್ಜಿಗೆ ಕಿರಿಕಿರಿ ಮಾಡುವವನು, 'ಸ್ವಾಮಿ, ಈ ಸಾಕ್ಷಿಯನ್ನು ಮತ್ತೆ ಕರೆಸಬೇಕು' ಅನ್ನುವವನು. ಗುತ್ತಿಗೆಯವನಿಗೆ ಅಷ್ಟು ಗಟ್ಟಿ ನೆಲ ಕಾಲಡಿಗೆ ಬೇಕಲ್ಲವಾ?

ಇನ್ನು ಹೆಸರು. ಕನ್ನಡದಲ್ಲಿ ಈ ವಕೀಲರಿಗೆ 'ಕಾನೂನು ಅಭಿರಕ್ಷಕರು' ಅಂತ ಹೆಸರಿಟ್ಟಿದ್ದಾರೆ. ಕಚೇರಿ ಕನ್ನಡದಲ್ಲಿ ಅಭಿರಕ್ಷೆ ಅಂದರೆ ಕಸ್ಟಡಿ. ಒಳಗೆ ಹಾಕುವುದಕ್ಕೂ ಬಿಡಿಸುವುದಕ್ಕೂ ಒಂದೇ ಮಾತಿನ ನಂಟು! 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಪೊಲೀಸ್ ಠಾಣೆ, ಅಂಚೆ ಕಚೇರಿ, ಬಸ್ ನಿಲ್ದಾಣಗಳಂಥ ಜಾಗದಲ್ಲಿ ಕಾನೂನು ನೆರವಿನ ವಿಳಾಸ, ಫೋನ್ ನಂಬರ್ ಇರುವ ಬೋರ್ಡುಗಳನ್ನು ಸ್ಥಳೀಯ ಭಾಷೆಯಲ್ಲಿ ಹಾಕಿ ಅಂತ ಹೇಳಿದೆ. ಬೋರ್ಡಿನಲ್ಲಿ ಅಭಿರಕ್ಷಕ ಅಂತ ಬರೆದರೆ ದೊಡ್ಡವ್ವನಿಗೆ ಏನು ತಿಳಿಯಬೇಕು? 'ನಿಮ್ಮ ಕಡೆ ವಕೀಲರು, ದುಡ್ಡಿಲ್ಲ' ಅಂತ ಬರೆದು ಕೆಳಗೆ 15100 ಅಂತ ನಂಬರ್ ಹಾಕಿದರೆ ಸಾಕು. ಈ ನಂಬರ್ ನಿಮ್ಮ ಫೋನಿನಲ್ಲೂ ಇರಲಿ. ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಮಗನನ್ನೋ, ಮನೆಗೆಲಸದವರ ಗಂಡನನ್ನೋ ಹಿಡಿದುಕೊಂಡು ಹೋದ ದಿನ ಅವರು ಮೊದಲು ಕೇಳುವುದು ನಿಮ್ಮನ್ನೇ, ನನ್ನ ಕೇಳಿದ ಹಾಗೆ.

ನಮ್ಮ ಹುಡುಗ ನಾಲ್ಕು ತಿಂಗಳು ಒಳಗಿದ್ದ. ದುಡ್ಡು ತೆಗೆದುಕೊಂಡ ವಕೀಲರು ಜಾಮೀನು ಮಾಡಿಸಿದರು, ಇಲ್ಲವೆನ್ನಲಾರೆ. ಅಲ್ಲಿಂದಾಚೆ ವಾಯಿದೆಗೆ ಬಂದದ್ದು ಬರೀ ಅವರ ಜೂನಿಯರ್, ಪ್ರತಿ ಸಲವೂ ಬೇರೆ ಬೇರೆಯವರು. ಸೊಕ್ಕೆಯಿಂದ ಆ ಕೋರ್ಟಿಗೆ ಹೋಗಿ ಬರಲು ಒಂದು ದಿನದ ಕೂಲಿ, ಬಸ್ ಚಾರ್ಜು. ಹೋದರೆ 'ಟೈಮ್ ತಗೊಂಡಿದೀವಿ' ಅನ್ನುವ ಮಾತು. ಒಮ್ಮೆ ಹಬ್ಬಕ್ಕೆ ಊರಿಗೆ ಹೋದಾಗ ಅವನ ಜೊತೆ ಕಟ್ಟೆ ಮೇಲೆ ಕೂತು ಚಾರ್ಜ್‌ಶೀಟಿನ ಜೆರಾಕ್ಸ್ ಓದಿದೆ. ಮೊದಲ ಸಲ. ಕಳುವಾದ ರಾತ್ರಿ ಯಾವುದು ಅಂತ ನೋಡಿ ಅವನನ್ನು ಕೇಳಿದೆ. "ಅವತ್ತು ನಾವು ಬೇರೆ ಊರಾಗೆ ಬೋರ್ ಕೊರೀತಿದ್ವಿ ಅಣ್ಣಾ, ರಾತ್ರಿಯೆಲ್ಲಾ" ಅಂದ. ಬೋರ್ ಕೊರೆಸಿದವರಿಗೆ ಬಿಲ್ಲು ಕೊಡುತ್ತಾರೆ, ಎಷ್ಟು ಅಡಿ, ಎಷ್ಟು ಕೇಸಿಂಗ್ ಪೈಪು, ಯಾವ ತಾರೀಖು ಅಂತ. ಇದನ್ನು ವಕೀಲರಿಗೆ ಹೇಳಿದ್ಯಾ ಅಂದೆ. "ಅವ್ರು ಕೇಳ್ಲಿಲ್ಲ" ಅಂದ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಜೈಲಾಗೆ ಬೋರ್ಡ್ ಇತ್ತು. ಒಬ್ರು ಬಂದು ಅರ್ಜಿ ಬರ್ಕೊಡ್ತೀವಿ ಅಂತ್ಲೂ ಅಂದ್ರು. ನೀನು ಬ್ಯಾಡ ಅಂದಿದ್ಯಂತಲ್ಲ, ಅದ್ಕೇ ಬ್ಯಾಡ ಅಂದೆ."

ಕಳೆದ ತಿಂಗಳು ರಜೆ ಹಾಕಿ ಅವನನ್ನು ಕರೆದುಕೊಂಡು ಆ ಜಿಲ್ಲೆಯ ಅಭಿರಕ್ಷಕರ ಕಚೇರಿಗೆ ಹೋದೆ. ಒಂದು ಕೋಣೆ, ನಾಲ್ಕು ಕುರ್ಚಿ, ಟೇಬಲ್ ತುಂಬ ಫೈಲು. ಸಹಾಯಕ ವಕೀಲೆ, ನನಗಿಂತ ಚಿಕ್ಕವರು, ಚಾರ್ಜ್‌ಶೀಟ್ ಇಸಿದುಕೊಂಡು ನಮ್ಮನ್ನು ಕೂರಿಸಿಕೊಂಡೇ ಪೂರ್ತಿ ಓದಿದರು. ಮಹಜರಿನ ಪಂಚರ ಹೆಸರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಲಾರಿ ಆ ರಾತ್ರಿ ಎಲ್ಲಿತ್ತು ಅಂತ ಅವರಾಗಿಯೇ ಕೇಳಿದರು. ಬಿಲ್ ಬುಕ್ಕಿನ ಕಾರ್ಬನ್ ಕಾಪಿ ಏಜೆಂಟರ ಹತ್ತಿರ ಇರಬಹುದು, ಇಷ್ಟು ವರ್ಷ ಆಗಿದೆ, ಬೇಗ ಹುಡುಕಿಸಿ ಅಂದರು. ಹಳೆಯ ವಕೀಲರ ವಕಾಲತ್ತು ಇನ್ನೂ ಇದೆಯಲ್ಲ, ಅವರಿಂದ ಎನ್‌ಒಸಿ ತಂದರೆ ಮುಂದಿನ ವಾಯಿದೆಗೆ ತಾವೇ ಬರುತ್ತೇವೆ ಅಂದರು.

ಎನ್‌ಒಸಿ ಕೇಳಿದರೆ ಹಳೆಯ ವಕೀಲರು ಬಾಕಿ ಫೀಸಿನ ಲೆಕ್ಕ ಹೇಳುತ್ತಿದ್ದಾರೆ. ಏಜೆಂಟ್ ಗೋಡೌನಿನಲ್ಲಿ ನೋಡುತ್ತೇನೆ ಅಂದಿದ್ದಾನೆ. ವಾಯಿದೆ ಇರುವುದು ಮುಂದಿನ ಮಂಗಳವಾರ.